ಯಾರ ಸಂಶಯಕ್ಕೆ ಯಾರ ಮೈ

ಕ್ಷಯರೋಗಕ್ಕೆ ಔಷಧ ಕೊಡದೆ ಬಿಟ್ಟರೆ ಐದು ವರ್ಷಗಳಲ್ಲಿ ರೋಗಿಗಳ ಗತಿ ಏನಾಗುತ್ತದೆ? ಎಂಬಿಬಿಎಸ್ ವಿದ್ಯಾರ್ಥಿಗಳ ವೈವಾದಲ್ಲಿ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಓದಿಕೊಂಡು ಬಂದವರು ತಡವರಿಸದೆ ಹೇಳುತ್ತಾರೆ: ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಯುತ್ತಾರೆ, ಮೂರರಲ್ಲಿ ಒಬ್ಬರು ತಾವಾಗಿಯೇ ಗುಣವಾಗುತ್ತಾರೆ, ಉಳಿದವರು ಕೆಮ್ಮುತ್ತ, ರೋಗ ಹರಡುತ್ತ ಬದುಕಿರುತ್ತಾರೆ. ಉತ್ತರ ಸರಿ. ಅಂಕ ಕೊಟ್ಟು ಮುಂದಿನವರನ್ನು ಕರೆಯುತ್ತೇನೆ.

ಆ ಉತ್ತರ ಬಂದದ್ದು ಬೆಂಗಳೂರಿನ ಸುತ್ತಲಿನ ಹಳ್ಳಿಗಳಿಂದ. ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿದ್ದು 1959ರಲ್ಲಿ. ಅದರ ತಂಡ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತು ಸಮೀಕ್ಷೆ ನಡೆಸಿತು. ತೋಳಿಗೆ ಟ್ಯುಬರ್‌ಕ್ಯುಲಿನ್ ಚುಚ್ಚಿ ನೋಡಿದರು, ಎದೆಯ ಎಕ್ಸ್-ರೇ ತೆಗೆದರು, ಕಫ ತೆಗೆದುಕೊಂಡು ಹೋಗಿ ಪರೀಕ್ಷಿಸಿದರು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡವರು 126 ಮಂದಿ. ಐದು ವರ್ಷದ ಹೊತ್ತಿಗೆ ಅವರಲ್ಲಿ 62 ಮಂದಿ ತೀರಿಕೊಂಡಿದ್ದರು. 41 ಮಂದಿಯ ಕಫದಲ್ಲಿ ರೋಗಾಣು ಉಳಿದಿರಲಿಲ್ಲ. 23 ಮಂದಿಯ ಕಫದಲ್ಲಿ ಅದು ಇದ್ದೇ ಇತ್ತು. ವರದಿ 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು. ಆ ಪ್ರದೇಶದಲ್ಲಿ ಆಗ ಕ್ಷಯ ಚಿಕಿತ್ಸೆಯ ಸಂಘಟಿತ ಕಾರ್ಯಕ್ರಮವಿರಲಿಲ್ಲ. ಇರಲಿಲ್ಲವಾದ್ದರಿಂದಲೇ, ರೋಗವನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ಜಗತ್ತು ಈವತ್ತಿಗೂ ಆ ಅಂಕಿಗಳ ಕಡೆ ನೋಡುತ್ತದೆ.

ಔಷಧ ಆಗ ಇರಲಿಲ್ಲವೇ? ಇತ್ತು. ಸ್ಟ್ರೆಪ್ಟೊಮೈಸಿನ್ 1940ರ ದಶಕದ್ದು, ಐಸೊನಿಯಾಜಿಡ್ 1952ರದ್ದು. ಕ್ಷಯರೋಗಿಯನ್ನು ಮನೆಯಲ್ಲಿಟ್ಟುಕೊಂಡೇ ಗುಣಪಡಿಸಬಹುದು ಎಂದು ಪಕ್ಕದ ಮದ್ರಾಸಿನ ಅಧ್ಯಯನ 1959ರಲ್ಲೇ ಸಾರಿತ್ತು. ಆದರೆ ಔಷಧ ಲೋಕದಲ್ಲಿ ಇರುವುದು ಬೇರೆ, ನೆಲಮಂಗಲದ ಆಚೆಯ ಒಂದು ಹಟ್ಟಿಗೆ ಅದು ತಲುಪುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲಿ ಆ 62 ಮಂದಿ ಹೋದರು, ಅದೇ ಅಂತರದಲ್ಲಿ ನಮ್ಮ ಪಠ್ಯಪುಸ್ತಕದ ಒಂದು ಸಾಲು ಹುಟ್ಟಿತು.

ಆ ಅಧ್ಯಯನ ಮಾಡಿದವರ ಮೇಲೆ ತೀರ್ಪು ಕೊಡಲು ನಾನಿದನ್ನು ಬರೆಯುತ್ತಿಲ್ಲ. ದೇಶದ ಬಳಿ ಔಷಧಕ್ಕೆ ಹಣವಿರಲಿಲ್ಲ, ರೋಗ ಎಷ್ಟಿದೆ, ಎಲ್ಲಿದೆ ಎಂಬ ಅಂದಾಜೂ ಇರಲಿಲ್ಲ. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ರೂಪುರೇಷೆಯನ್ನು ಹಾಕಿಕೊಟ್ಟದ್ದೂ ಅದೇ ಸಂಸ್ಥೆ. ನನಗೆ ಕೇಳಿಕೊಳ್ಳಬೇಕಾಗಿರುವುದು ನನ್ನ ಬಗ್ಗೆ. ಆ ಅಂಕಿಯನ್ನು ತರಗತಿಯಲ್ಲಿ ಹೇಳುವಾಗ ನನ್ನ ದನಿ ಒಮ್ಮೆಯೂ ಯಾಕೆ ತಡೆದಿಲ್ಲ? ಬಡವರ ಸಾವು ನಮ್ಮ ಶಾಸ್ತ್ರದ ಕಚ್ಚಾ ಸಾಮಗ್ರಿ ಎಂಬುದು ನನಗೆ ಯಾವಾಗ ಇಷ್ಟು ಸಹಜವಾಯಿತು?

ನಾನು ಸಮುದಾಯ ವೈದ್ಯಶಾಸ್ತ್ರದವಳು. ನನ್ನ ವೃತ್ತಿಯೆಂದರೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು, ತೂಕ ನೋಡುವುದು, ರಕ್ತ, ಕಫ ತರಿಸುವುದು, ಲೆಕ್ಕ ಹಾಕುವುದು. ಬಡ್ತಿಗೆ ಪ್ರಕಟಿತ ಪ್ರಬಂಧ ಬೇಕು, ಎಂಡಿ ಪದವಿಗೆ ಥೀಸಿಸ್ ಬೇಕು. ಹೀಗಾಗಿ ಕರ್ನಾಟಕದ ಪ್ರತಿ ವೈದ್ಯಕೀಯ ಕಾಲೇಜಿನ ಆಸುಪಾಸಿನ ಹಳ್ಳಿಗಳವರು ವರ್ಷಕ್ಕೊಂದು ಹೊಸ ಮುಖಕ್ಕೆ ಅದೇ ಉತ್ತರ ಕೊಡುತ್ತಾರೆ. ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯೇ, ಒಲೆ ಯಾವುದು, ಯಾರಾದರೂ ಬೀಡಿ ಸೇದುತ್ತೀರಾ. ಅವರು ಜಗುಲಿ ಗುಡಿಸಿ ಚಾಪೆ ಹಾಸುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. ನಾವು ಅಲ್ಲಿಂದ ತಂದ ಮಾಹಿತಿಯಿಂದ ಅಸಿಸ್ಟೆಂಟ್ ಪ್ರೊಫೆಸರ್ ಇದ್ದವರು ಅಸೋಸಿಯೇಟ್ ಆಗುತ್ತೇವೆ, ಅಸೋಸಿಯೇಟ್ ಇದ್ದವರು ಪ್ರೊಫೆಸರ್ ಆಗುತ್ತೇವೆ. ಆ ಮನೆಯಲ್ಲಿ ಏನು ಬದಲಾಯಿತು ಎಂಬ ಕಾಲಂ ನಮ್ಮ ಯಾವ ಅರ್ಜಿಯಲ್ಲೂ ಇರುವುದಿಲ್ಲ.

ಇದಕ್ಕಿಂತ ಆಳದಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಹೇಳಲು ನನಗೆ ನಾಲಗೆ ಹೊರಳುವುದಿಲ್ಲ, ಆದರೂ ಹೇಳಬೇಕು. ಒಂದು ಹೊಸ ಔಷಧವೋ, ಲಸಿಕೆಯೋ, ಆಹಾರವೋ ಉಪಯೋಗಕ್ಕೆ ಬರುತ್ತದೆಯೇ ಎಂದು ನೋಡಲು ಜನರನ್ನು ಎರಡು ಗುಂಪು ಮಾಡುತ್ತೇವೆ. ಒಂದಕ್ಕೆ ಕೊಡುತ್ತೇವೆ, ಇನ್ನೊಂದಕ್ಕೆ ಕೊಡುವುದಿಲ್ಲ. ಕೊಡದ ಗುಂಪನ್ನು ಕಂಟ್ರೋಲ್ ಗುಂಪು ಎನ್ನುತ್ತೇವೆ. ಎಷ್ಟು ಜನರನ್ನು ಸೇರಿಸಿಕೊಳ್ಳಬೇಕು ಎಂದು ಶುರುವಿಗೇ ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ, ಕಂಟ್ರೋಲ್ ಗುಂಪಿನಲ್ಲಿ ನೂರಕ್ಕೆ ಎಷ್ಟು ಮಂದಿ ಕಾಯಿಲೆ ಬೀಳುತ್ತಾರೆ ಅಥವಾ ಸಾಯುತ್ತಾರೆ ಎಂಬ ಅಂದಾಜು ಬೇಕೇ ಬೇಕು. ಅಧ್ಯಯನ ನಡೆಯುತ್ತಿರುವಾಗ ಅಂದುಕೊಂಡಷ್ಟು ಜನ ಕಾಯಿಲೆ ಬೀಳಲಿಲ್ಲವೆಂದರೆ ಫಲಿತಾಂಶಕ್ಕೆ ಬಲ ಸಾಲದು. ವರ್ಷಗಳ ದುಡಿಮೆ ‘ಏನೂ ಹೇಳಲಾಗದು’ ಎಂಬಲ್ಲಿಗೆ ಮುಗಿಯುತ್ತದೆ, ಕೊಟ್ಟ ಹಣಕ್ಕೆ ಉತ್ತರ ಹೇಳಬೇಕಾಗುತ್ತದೆ. ಅಂಥ ದಿನಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಾಯಿಲೆಯವರ ಪಟ್ಟಿ ನೋಡುವಾಗ, ಸಂಖ್ಯೆ ಕಡಿಮೆಯಿದ್ದರೆ ಎದೆಯಲ್ಲಿ ಒಂದು ಚಡಪಡಿಕೆ ಏಳುತ್ತದೆ. ಇನ್ನಷ್ಟು ಬರಬೇಕಿತ್ತಲ್ಲ ಎಂಬ ಆತಂಕ. ಇನ್ನಷ್ಟು ಎಂದರೆ ಏನು? ಇನ್ನಷ್ಟು ಜನರಿಗೆ ಕ್ಷಯ, ಇನ್ನಷ್ಟು ಮಕ್ಕಳಿಗೆ ನ್ಯುಮೋನಿಯಾ.

ಈ ಚಡಪಡಿಕೆ ನನ್ನಲ್ಲಿ ಎದ್ದಿದೆ. ವೈದ್ಯಳಾಗಿ ನಾನು ಹಾರೈಸಬೇಕಾದದ್ದಕ್ಕೆ ಸರಿಯಾಗಿ ವಿರುದ್ಧವಾದದ್ದನ್ನು ಸಂಶೋಧಕಿಯಾಗಿ ನನ್ನ ಮನಸ್ಸು ಹಾರೈಸಿದೆ. ಅದರಿಂದ ಯಾರಿಗೂ ಕೇಡಾಗಿಲ್ಲ, ಹಾರೈಕೆಯಿಂದ ಯಾರೂ ಕಾಯಿಲೆ ಬೀಳುವುದಿಲ್ಲ. ಆದರೆ ಹಾಗೆ ಹಾರೈಸಿದ ಮನಸ್ಸು ಮಾರನೆಯ ದಿನ ಅದೇ ಜನರ ಬಾಗಿಲಿಗೆ ಯಾವ ಮುಖ ಹೊತ್ತು ಹೋಗುತ್ತದೆ, ಅವರ ಯಾವ ಮಾತನ್ನು ಕೇಳಿಸಿಕೊಳ್ಳುತ್ತದೆ, ಯಾವುದನ್ನು ಬಿಡುತ್ತದೆ ಎಂಬುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಇಂಥ ಕೆಲಸ ಮಾಡುವ ಗೆಳೆಯರಲ್ಲಿ ಕೇಳಿದ್ದೇನೆ. ಮೊದಲು ಇಲ್ಲ ಎನ್ನುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ಹೌದು ಎನ್ನುತ್ತಾರೆ.

ತುಮಕೂರಿನ ಕಡೆಯ ಒಂದು ಹಳ್ಳಿಯಲ್ಲಿ, ಪೌಷ್ಟಿಕ ಆಹಾರದ ಒಂದು ಸಣ್ಣ ಅಧ್ಯಯನದ ಸಮಯದಲ್ಲಿ, ವಯಸ್ಸಾದ ಹೆಂಗಸೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು. “ಮೇಡಂ, ಆಚೆ ಊರಿನೋರಿಗೆಲ್ಲ ಏನೋ ಪುಡಿ ಕೊಡ್ತಾವ್ರಂತೆ. ನಮ್ಗ್ಯಾವಾಗ ಬತ್ತದೆ?” ನಾನು ವಿವರಿಸಿದೆ. ಆ ಊರಿಗೆ ಕೊಟ್ಟು, ನಿಮ್ಮೂರಿಗೆ ಕೊಡದೆ, ಎರಡನ್ನೂ ಹೋಲಿಸಿ ನೋಡುತ್ತೇವಮ್ಮ ಎಂದೆ. ಅವರು ಸಿಟ್ಟಾಗಲಿಲ್ಲ. ಹೋಲಿಕೆಯ ಮಾತು ಅವರಿಗೆ ಸಲೀಸಾಗಿ ಅರ್ಥವಾಯಿತು. ಒಂದು ಹೊಲಕ್ಕೆ ಗೊಬ್ಬರ ಹಾಕಿ ಇನ್ನೊಂದಕ್ಕೆ ಹಾಕದೆ ನೋಡುವುದು ರೈತರಿಗೆ ಹೊಸದೇನಲ್ಲ. “ಸರಿ, ನೋಡಾದ್ಮೇಲೆ ಕೊಡ್ತೀರಾ?” ಎಂದರು. ಅಧ್ಯಯನದ ಯಾವ ಕಾಗದದಲ್ಲೂ ಆ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ. ಮಾಹಿತಿ ಪತ್ರವಿತ್ತು, ಒಪ್ಪಿಗೆ ಪತ್ರವಿತ್ತು, ಎರಡೂ ಕನ್ನಡದಲ್ಲೇ ಇದ್ದವು, ಎಥಿಕ್ಸ್ ಕಮಿಟಿಯ ಮೊಹರು ಇತ್ತು. ಹೊಲಕ್ಕಾದರೆ ಮುಂದಿನ ವರ್ಷ ಗೊಬ್ಬರ ಹಾಕುತ್ತಾರೆ. ನಮ್ಮ ಬಜೆಟ್ಟಿನಲ್ಲಿ ಮುಂದಿನ ವರ್ಷ ಎಂಬುದೇ ಇರಲಿಲ್ಲ.

ಆಹಾರ ಮತ್ತು ಕ್ಷಯದ ಮಾತಿಗೆ ಬರುತ್ತೇನೆ, ನನ್ನ ಗೊಂದಲ ಹೆಚ್ಚು ದಟ್ಟವಾಗಿರುವುದು ಅಲ್ಲಿ. ಮೇಲೆ ಹೇಳಿದ ಮದ್ರಾಸಿನ ಅಧ್ಯಯನ ನಡೆಸಿದ ಕೇಂದ್ರವನ್ನು 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧನಾ ಮಂಡಳಿ ಕೂಡಿ ತೆರೆದವು. ವ್ಯಾಲೇಸ್ ಫಾಕ್ಸ್ ಅದರ ಮುಖ್ಯಸ್ಥರಾಗಿದ್ದರು. ಅರ್ಧದಷ್ಟು ರೋಗಿಗಳನ್ನು ಸ್ಯಾನಟೋರಿಯಂಗೆ ಸೇರಿಸಿ, ಉಳಿದರ್ಧವನ್ನು ಮನೆಯಲ್ಲೇ ಬಿಟ್ಟು, ಎರಡೂ ಕಡೆಯವರಿಗೆ ಒಂದೇ ಔಷಧ ಕೊಟ್ಟು ನೋಡಿದರು. ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿ, ಗಾಳಿ. ಮನೆಯಲ್ಲಿ ಇಕ್ಕಟ್ಟು, ಕೂಲಿ, ಅರೆಹೊಟ್ಟೆ. ವರ್ಷದ ಕೊನೆಗೆ ಎರಡು ಗುಂಪುಗಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮನೆಯವರಿಗೆ ರೋಗ ಅಂಟುವುದೂ ಹೆಚ್ಚಲಿಲ್ಲ. ಹಾಸಿಗೆ ಸಿಗದೆ ಬಾಗಿಲಲ್ಲಿ ಕಾಯುತ್ತಿದ್ದ ಬಡದೇಶಗಳ ರೋಗಿಗಳಿಗೆ ಅದು ಬಿಡುಗಡೆ. ಜಗತ್ತಿನ ಸ್ಯಾನಟೋರಿಯಂಗಳು ಮುಚ್ಚಿಹೋಗಲು ಈ ಅಧ್ಯಯನವೂ ಒಂದು ಕಾರಣ. ಬಡವರ ನಡುವೆ, ಬಡವರ ತೊಂದರೆಯನ್ನೇ ಪ್ರಶ್ನೆಯಾಗಿಸಿ ಮಾಡಿದ ಸಂಶೋಧನೆ ಅದು. ಅದರ ಬಗ್ಗೆ ನನಗೆ ಅಪಾರ ಗೌರವವಿದೆ.

ಆದರೆ ನಮ್ಮ ವೃತ್ತಿ ಅದರಿಂದ ಇನ್ನೊಂದು ಪಾಠವನ್ನೂ ಎತ್ತಿಕೊಂಡಿತು. ಔಷಧ ಸರಿಯಾಗಿದ್ದರೆ ಊಟ ಅಷ್ಟು ಮುಖ್ಯವಲ್ಲ. ಸರ್ಕಾರಗಳಿಗೂ ಅದು ಅನುಕೂಲದ ಪಾಠ, ಮಾತ್ರೆ ಹಂಚುವುದು ಅಕ್ಕಿಬೇಳೆ ಹಂಚುವುದಕ್ಕಿಂತ ಸುಲಭ. ನಾನು ವಿದ್ಯಾರ್ಥಿನಿಯಾಗಿದ್ದಾಗ ಹಾಗೇ ಕಲಿತೆ. ಕ್ಷಯ ಬಂದವರಿಗೆ ಹಾಲು, ಮೊಟ್ಟೆ ಕೊಡಬೇಕು ಎಂದು ಹಳ್ಳಿಯಲ್ಲಿ ಹೇಳಿದರೆ ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸುತ್ತಿದ್ದೆವು. ಹಸಿದ ಮೈಗೆ ಕ್ಷಯ ಬೇಗ ಹತ್ತುತ್ತದೆ ಎಂಬುದು ಆ ಹೊತ್ತಿಗಾಗಲೇ ಹಳೆಯ ತಿಳಿವಳಿಕೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ಯಾಪ್‌ವರ್ತ್‌ನಲ್ಲಿ ಕ್ಷಯರೋಗಿಗಳಿಗೆ ಕುಟುಂಬ ಸಮೇತ ಮನೆ, ದುಡಿಮೆ, ಹೊಟ್ಟೆ ತುಂಬ ಊಟ ಒದಗಿಸಿದ ಒಂದು ವಸಾಹತು ಕಟ್ಟಿದ್ದರು. ಅಲ್ಲಿ ಬೆಳೆದ ಮಕ್ಕಳಲ್ಲಿ ರೋಗ ತೀರಾ ವಿರಳವಾಗಿತ್ತು. ಗೊತ್ತಿದ್ದದ್ದು ಮರೆಯಾಯಿತು. ಮರೆತವರು ನಾವು.

2019ರಿಂದ 2022ರವರೆಗೆ ಝಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ರೇಷನ್ಸ್ ಎಂಬ ಅಧ್ಯಯನ ನಡೆಯಿತು. ಅದನ್ನು ಮುನ್ನಡೆಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ, ಜೊತೆಗೆ ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯ ತಂಡ. 2,800 ರೋಗಿಗಳು, ಅವರ ಮನೆಗಳಲ್ಲಿ ಜೊತೆಗೆ ಬದುಕುವ 10,345 ಜನ. ರೋಗಿಗಳಲ್ಲಿ ಐವರಲ್ಲಿ ನಾಲ್ವರ ತೂಕ ಇರಬೇಕಾದದ್ದಕ್ಕಿಂತ ಕಡಿಮೆ. ಸುಮಾರು ಅರ್ಧದಷ್ಟು ಜನರ ಬಿಎಂಐ 16ಕ್ಕಿಂತ ಕೆಳಗೆ, ಅಂದರೆ ಎಲುಬು ಚರ್ಮ ಮಾತ್ರ. ಎಲ್ಲ ರೋಗಿಗಳಿಗೂ, ಯಾವ ಗುಂಪಿನವರೇ ಇರಲಿ, ತಿಂಗಳು ತಿಂಗಳು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ವಿಟಮಿನ್ ಮಾತ್ರೆ ಕೊಟ್ಟರು. ವ್ಯತ್ಯಾಸ ಮಾಡಿದ್ದು ಮನೆಯವರಲ್ಲಿ. ಒಂದು ಗುಂಪಿನ ಮನೆಗಳಲ್ಲಿ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ. ಇನ್ನೊಂದು ಗುಂಪಿನ ಮನೆಯವರು ಎಂದಿನ ತಮ್ಮ ಊಟವನ್ನೇ ಉಂಡರು.

ಫಲಿತಾಂಶ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಬಂತು. ಅಕ್ಕಿಬೇಳೆ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಗಿತ್ತು. ಇನ್ನೊಬ್ಬರಿಗೆ ಹರಡುವಂಥ ಶ್ವಾಸಕೋಶದ ಕ್ಷಯವನ್ನೇ ಲೆಕ್ಕ ಹಾಕಿದರೆ ಇಳಿಕೆ ಶೇ 48. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರು ಸಾಯುವ ಸಂಭವ ಶೇ 61ರಷ್ಟು ಕಡಿಮೆ. ಓದಿದ ದಿನ ನಾನು ಸಂತೋಷಪಟ್ಟೆ. ನಮ್ಮ ಮಂಗಳೂರಿನ ಹೆಸರು ಅಲ್ಲಿದೆ ಎಂಬ ಹೆಮ್ಮೆಯೂ ಇತ್ತು. ಆಮೇಲೆ ಎಂದಿನ ಊಟ ಉಂಡ ಮನೆಗಳು ಮನಸ್ಸಿಗೆ ಬಂದವು.

ಆ ಅಧ್ಯಯನದ ಪ್ರಸ್ತಾವ ನನ್ನ ಮುಂದೆ ಬಂದಿದ್ದರೆ ನಾನು ಒಪ್ಪುತ್ತಿದ್ದೆನೇ? ಇದನ್ನು ನಾನು ಪ್ರಾಮಾಣಿಕವಾಗಿ ಕೇಳಿಕೊಂಡಿದ್ದೇನೆ, ಉತ್ತರ ಒಂದೇ ಕಡೆ ನಿಲ್ಲುವುದಿಲ್ಲ. ಒಪ್ಪುತ್ತಿದ್ದೆ. ಯಾಕೆಂದರೆ ಆ ಮನೆಯವರಿಗೆ ಆಗ ಯಾವ ಯೋಜನೆಯೂ ಹೆಚ್ಚಿನ ಆಹಾರ ಕೊಡುತ್ತಿರಲಿಲ್ಲ. 2018ರಲ್ಲಿ ಶುರುವಾದ ನಿಕ್ಷಯ್ ಪೋಷಣ್ ಯೋಜನೆ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿ ಕೂಡ ರೋಗಿಗೆ ಮಾತ್ರ. ಅಧ್ಯಯನ ನಡೆಯದಿದ್ದರೆ ಎರಡೂ ಗುಂಪುಗಳಿಗೆ ಏನೂ ಸಿಗುತ್ತಿರಲಿಲ್ಲ. ಹೋಲಿಕೆ ಇಲ್ಲದಿದ್ದರೆ ಲ್ಯಾನ್ಸೆಟ್ ಅದನ್ನು ಅಚ್ಚು ಹಾಕುತ್ತಿರಲಿಲ್ಲ, ಲ್ಯಾನ್ಸೆಟ್‌ನಲ್ಲಿ ಬಾರದಿದ್ದರೆ ಯಾವ ಸಚಿವಾಲಯವೂ ಓದುತ್ತಿರಲಿಲ್ಲ. 2024ರಲ್ಲಿ 500 ರೂಪಾಯಿ 1,000 ಆಯಿತು, ದಾನಿಗಳ ಮೂಲಕ ಆಹಾರ ಕೊಡಿಸುವ ವ್ಯವಸ್ಥೆಯನ್ನು ರೋಗಿಯ ಮನೆಯವರಿಗೂ ಚಾಚುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿತು. ಇಂಥ ಸಂಶೋಧನೆಯ ಬಲವಿಲ್ಲದೆ ಆ ಹೆಜ್ಜೆಯನ್ನು ಇಡುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ.

ಇಷ್ಟೆಲ್ಲ ಹೇಳಿಕೊಂಡ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಹಸಿದವರಿಗೆ ಅನ್ನ ಕೊಟ್ಟರೆ ಕಾಯಿಲೆ ಕಡಿಮೆಯಾಗುತ್ತದೆ ಎಂಬುದರ ಬಗ್ಗೆ ಸಂಶಯ ಯಾರಿಗಿತ್ತು? ಝಾರ್ಖಂಡಿನ ಆದಿವಾಸಿ ತಾಯಂದಿರಿಗಿರಲಿಲ್ಲ. ಅಧ್ಯಯನ ಮಾಡಿದವರಿಗೂ ಬಹುಶಃ ಇರಲಿಲ್ಲ, ಅವರು ಮಧ್ಯ ಭಾರತದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಹಸಿದ ರೋಗಿಗಳನ್ನು ನೋಡಿದವರು. ಸಂಶಯವಿದ್ದದ್ದು ನನ್ನಂಥವರಿಗೆ. ಪುಸ್ತಕದಲ್ಲಿ ಊಟ ಮುಖ್ಯವಲ್ಲ ಎಂದು ಓದಿದವರಿಗೆ, ಕಡತಕ್ಕೆ ಶೇಕಡಾವಾರು ಬೇಡುವವರಿಗೆ, ಶೇ 39 ಎಂದ ಮೇಲೆ ಮಾತ್ರ ತಲೆಯಾಡಿಸುವವರಿಗೆ. ನಮ್ಮ ಅಪನಂಬಿಕೆ ನೀಗಿಸಲು ಸಾವಿರಾರು ಜನ ಎಂದಿನ ತಮ್ಮ ಅರೆಹೊಟ್ಟೆಯಲ್ಲಿ ಉಳಿದು ತೋರಿಸಬೇಕಾಯಿತು. ಈ ಲೆಕ್ಕದಲ್ಲಿ ಕೊಟ್ಟವರು ಅವರು, ಪಡೆದವರು ನಾವು. ಆ ಸಂಶೋಧಕರನ್ನು ಅಷ್ಟು ದೂರ ನಡೆಸಿದ್ದು ನಮ್ಮ ಮೊಂಡುತನ ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ಬಡದೇಶದಲ್ಲಿ ನಡೆಯುವ ಯಾವ ಅಧ್ಯಯನದ ಬಗ್ಗೆ ಓದಿದರೂ ನಾನು ಈಗ ಮೊದಲು ಹುಡುಕುವುದು, ಇದು ಯಾರ ಸಂಶಯವನ್ನು ತೀರಿಸುತ್ತದೆ ಎಂಬುದನ್ನು. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ನ ಅಧ್ಯಯನವೊಂದು, ಎಚ್ಐವಿ ಇರುವ ಗರ್ಭಿಣಿಗೆ ಎಝೆಡ್‌ಟಿ ಎಂಬ ಔಷಧ ಕೊಟ್ಟರೆ ಮಗುವಿಗೆ ಸೋಂಕು ತಗಲುವುದು ಮೂರರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ ಎಂದು ತೋರಿಸಿತು. ದುಬಾರಿ ಚಿಕಿತ್ಸೆ. ಕಡಿಮೆ ಅವಧಿಯ, ಅಗ್ಗದ ಕ್ರಮವೂ ಸಾಕೇ ಎಂದು ನೋಡಲು ಥಾಯ್ಲೆಂಡ್ ಮತ್ತು ಆಫ್ರಿಕಾದ ಹಲವು ದೇಶಗಳಲ್ಲಿ ಅಧ್ಯಯನ ಶುರುಮಾಡಿದರು, ಹೋಲಿಕೆಯ ಗುಂಪಿನ ತಾಯಂದಿರಿಗೆ ಖಾಲಿ ಮಾತ್ರೆ ಕೊಟ್ಟರು. 1997ರಲ್ಲಿ ವೈದ್ಯರಾದ ಪೀಟರ್ ಲೂರಿ ಮತ್ತು ಸಿಡ್ನಿ ವುಲ್ಫ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು, ದೊಡ್ಡ ಜಗಳವಾಯಿತು. ಮರುವರ್ಷ ಥಾಯ್ಲೆಂಡಿನ ಫಲಿತಾಂಶ ಬಂತು. ಅಗ್ಗದ ಕ್ರಮದಿಂದ ಸೋಂಕು ಅರ್ಧಕ್ಕೆ ಇಳಿದಿತ್ತು. ಖಾಲಿ ಮಾತ್ರೆಯೊಂದಿಗೆ ಹೋಲಿಸಿದ್ದರಿಂದಲೇ ಉತ್ತರ ಬೇಗ ಸಿಕ್ಕಿತು, ಬೇಗ ಸಿಕ್ಕಿದ್ದರಿಂದ ಎಷ್ಟೋ ಮಕ್ಕಳು ಉಳಿದರು ಎಂದು ಒಂದು ಕಡೆಯವರು. ಔಷಧವಿದೆ ಎಂದು ಗೊತ್ತಿದ್ದೂ ಕೊಡದೆ ಬಿಟ್ಟದ್ದರಿಂದ ಎಷ್ಟೋ ಮಕ್ಕಳು ಸೋಂಕು ಹೊತ್ತು ಹುಟ್ಟಿದರು ಎಂದು ಇನ್ನೊಂದು ಕಡೆಯವರು. ಎರಡೂ ನಿಜ. ನಾನು ಬಹಳ ಕಾಲ ಮೊದಲನೆಯವರ ಕಡೆ ಇದ್ದೆ. ಈಗ ಇಲ್ಲ. ಆ ಖಾಲಿ ಮಾತ್ರೆಯನ್ನು ಬೋಸ್ಟನ್ನಿನ ತಾಯಿಗೆ ಕೊಡಲು ಯಾರೂ ಒಪ್ಪುತ್ತಿರಲಿಲ್ಲ ಎಂಬುದಕ್ಕೆ ನನ್ನ ಬಳಿ ಮರುಮಾತಿಲ್ಲ.

ಬೇರೆ ದಾರಿಗಳಿದ್ದವು, ಇವೆ. ಗ್ಯಾಂಬಿಯಾದಲ್ಲಿ 1986ರಲ್ಲಿ ಹೆಪಟೈಟಿಸ್-ಬಿ ಲಸಿಕೆ ಕೊಡಲು ಹೊರಟಾಗ ಲಸಿಕೆ ದುಬಾರಿಯಾಗಿತ್ತು, ಎಲ್ಲರಿಗೂ ಒಮ್ಮೆಗೇ ಕೊಡುವುದು ಆಗದ ಮಾತು. ಅಲ್ಲಿನವರು ಸರದಿ ಹಾಕಿದರು. ಒಂದೊಂದು ಲಸಿಕಾ ತಂಡ ಯಾವಾಗ ಶುರುಮಾಡಬೇಕು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಸುಮಾರು ನಾಲ್ಕು ವರ್ಷಗಳಲ್ಲಿ ಇಡೀ ದೇಶವನ್ನು ಮುಟ್ಟಿದರು. ಮೊದಲು ಪಡೆದವರನ್ನೂ ಕಾಯುತ್ತಿದ್ದವರನ್ನೂ ಹೋಲಿಸಿ ಬೇಕಾದ ಜ್ಞಾನ ಪಡೆದರು. ಕಾಯುತ್ತಿದ್ದ ಊರುಗಳಿಗೂ ತಮ್ಮ ಸರದಿ ಬಂದೇ ಬರುತ್ತದೆ ಎಂಬುದು ಮೊದಲ ದಿನವೇ ಬರೆದಿಟ್ಟ ಮಾತಾಗಿತ್ತು. ತುಮಕೂರಿನ ಆ ಹೆಂಗಸು ನನ್ನಲ್ಲಿ ಕೇಳಿದ್ದು ಇದನ್ನೇ.

ಇನ್ನು 1971ರ ಬನ್‌ಗಾಂವ್. ಅಲ್ಲಿನ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು, ನರಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾಗಳ ಪೊಟ್ಟಣ ಕಟ್ಟಿಸಿ, ನೀರಲ್ಲಿ ಕದಡಿ ಕುಡಿಸುವುದನ್ನು ರೋಗಿಗಳ ಮನೆಯವರಿಗೇ ಕಲಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಆ ದ್ರಾವಣ ಕೆಲಸ ಮಾಡುತ್ತದೆ ಎಂಬುದಕ್ಕೆ ಢಾಕಾ ಮತ್ತು ಕೋಲ್ಕತ್ತದ ಆಸ್ಪತ್ರೆಗಳ ಆಧಾರ ಅವರ ಕೈಯಲ್ಲಿತ್ತು. ವೈದ್ಯ ಜಗತ್ತಿಗೆ ಮಾತ್ರ ನಂಬಿಕೆ ಇರಲಿಲ್ಲ. ಆ ಅಪನಂಬಿಕೆಗಾಗಿ ಅವರು ಯಾರನ್ನೂ ಬಾಯಾರಿಸಿ ಮಲಗಿಸಲಿಲ್ಲ. ಎಲ್ಲರಿಗೂ ಕುಡಿಸಿದರು, ನಡೆದದ್ದನ್ನು ಲೆಕ್ಕವಿಟ್ಟು ಬರೆದರು. ಹಾಗೆ ಬಂದ ಆಧಾರ ದುರ್ಬಲ ಎನ್ನುವವರಿದ್ದರು, ಶಾಸ್ತ್ರದ ಕಣ್ಣಿನಿಂದ ಅವರು ಹೇಳಿದ್ದು ಸುಳ್ಳೂ ಅಲ್ಲ. ಆದರೂ ನಂಬಿಸುವ ಹೊಣೆಯನ್ನು ಮಹಾಲನಬೀಸ್ ರೋಗಿಗಳ ಮೇಲೆ ಹೊರಿಸದೆ ತಾವೇ ಹೊತ್ತರು. ಅಂಥ ಸ್ಥೈರ್ಯ ನನಗೆ ಬಂದೀತೇ ಎಂದು ನಾನು ಅಳೆದುಕೊಂಡಿದ್ದೇನೆ. ಶಿಬಿರದಲ್ಲಾದರೆ ಬರಬಹುದು. ಬಡ್ತಿಯ ಅರ್ಜಿ ತುಂಬುವ ಮೇಜಿನ ಮುಂದೆ ಬರುವುದು ಕಷ್ಟ.

ತುಮಕೂರಿನ ಹೆಸರು ಬಂದಾಗಲೆಲ್ಲ ನನಗೆ ಇನ್ನೊಂದು ಅಧ್ಯಯನ ನೆನಪಾಗುತ್ತದೆ, ಅದನ್ನು ಹೇಳದೆ ಹೋದರೆ ಈ ಬರಹ ವಾಲಿದಂತಾಗುತ್ತದೆ. ಬೆಂಗಳೂರಿನ ಅದೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಅವರ ಮನೆಗಳಲ್ಲೇ ಭೇಟಿಯಾದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮು ಬಂದರೂ ಆಸ್ಪತ್ರೆಗೆ ಬರುವುದಿಲ್ಲ, ಅವರನ್ನು ಹುಡುಕಿಕೊಂಡು ಎಕ್ಸ್-ರೇ ವ್ಯಾನು ಹೋಗಬೇಕು ಎಂಬುದು ಆಗಿನ ತಜ್ಞರ ಮಾತು. ಇವರಿಬ್ಬರು ರೋಗಿಗಳನ್ನೇ ಕೇಳಿದರು: ನಿಮಗೆ ಏನೆನ್ನಿಸಿತು, ಏನು ಮಾಡಿದಿರಿ? ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣದ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರ ಕಫ ನೋಡದೆ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು. 1963ರಲ್ಲಿ ಪ್ರಕಟವಾದ ಈ ಅಧ್ಯಯನ ಸಂಶಯದ ದಿಕ್ಕನ್ನೇ ತಿರುಗಿಸಿತು. ಜನರನ್ನು ಅನುಮಾನಿಸುವುದು ಬಿಟ್ಟು ಆಸ್ಪತ್ರೆಯನ್ನು ಅನುಮಾನಿಸಿತು. ದೇಶದ ಕ್ಷಯ ಕಾರ್ಯಕ್ರಮ ಸಾಮಾನ್ಯ ಆರೋಗ್ಯ ಕೇಂದ್ರಗಳ ಮೂಲಕವೇ ನಡೆಯಬೇಕು, ಕೆಮ್ಮಿಕೊಂಡು ಬಂದವರ ಕಫವನ್ನು ಅಲ್ಲೇ ನೋಡಬೇಕು ಎಂಬ ನಿಲುವಿಗೆ ಇದು ಬಲ ಕೊಟ್ಟಿತು. ಯಾರೂ ಯಾವುದರಿಂದಲೂ ವಂಚಿತರಾಗಬೇಕಾಗಲಿಲ್ಲ. ನನ್ನ ವಿದ್ಯಾರ್ಥಿಗಳು ಥೀಸಿಸ್ ವಿಷಯ ಹುಡುಕಿಕೊಂಡು ಬಂದಾಗ ಈಗ ಮೊದಲು ಇದನ್ನು ಓದಿಸುತ್ತೇನೆ.

ನನ್ನ ಕೈಗೆ ಬರುವ ಪ್ರಸ್ತಾವಗಳಲ್ಲಿ ಕಂಟ್ರೋಲ್ ಗುಂಪಿನ ಪ್ಯಾರಾವನ್ನು ಮೊದಲು ಓದುವುದು ರೂಢಿಯಾಗಿದೆ. ಆ ಜನರಿಗೆ ಅಧ್ಯಯನ ಮುಗಿದ ಮೇಲೆ ಏನು ಸಿಗುತ್ತದೆ, ಯಾರ ಹಣದಲ್ಲಿ, ಎಂದು ಬರೆದಿರಬೇಕು. ಬರೆದಿಲ್ಲದಿದ್ದರೆ ವಾಪಸ್ ಕಳಿಸುತ್ತೇನೆ. ಹಣ ಕೊಡುವವರು ಇದಕ್ಕೆ ಒಪ್ಪುವುದಿಲ್ಲ ಎಂದು ಕಿರಿಯರು ಹೇಳುತ್ತಾರೆ. ಹಾಗಿದ್ದರೆ ಆ ಅಧ್ಯಯನ ಬೇಡ ಎನ್ನುವ ಮಟ್ಟಕ್ಕೆ ನಾನು ಬಂದಿದ್ದೇನೆ. ತರಗತಿಯಲ್ಲಿ 62, 41, 23 ಎಂದು ಸಂಖ್ಯೆ ಬರೆಯುತ್ತೇನೆ, ಶೇಕಡಾವಾರನ್ನು ಆಮೇಲೆ. ಇದರಿಂದ ಸತ್ತವರು ಎದ್ದು ಬರುವುದಿಲ್ಲ. ಮುಂದೆ ಡಾಕ್ಟರಾಗುವವರು ಅವರನ್ನು ಮನುಷ್ಯರೆಂದು ಎಣಿಸಿಯಾರು ಎಂಬ ಆಸೆಯಷ್ಟೇ.

ಓದುಗರಲ್ಲಿ ಒಂದು ಕೋರಿಕೆ. ವೈದ್ಯಕೀಯ ಕಾಲೇಜು, ಆಸ್ಪತ್ರೆಗಳ ಎಥಿಕ್ಸ್ ಕಮಿಟಿಯಲ್ಲಿ ವೈದ್ಯರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಸದಸ್ಯರಾಗಿ ಇರಲೇಬೇಕು. 2019ರ ಔಷಧ ಪರೀಕ್ಷಾ ನಿಯಮಗಳೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯೂ ಇದನ್ನು ಹೇಳುತ್ತವೆ. ಹೊಸ ಔಷಧದ ಪರೀಕ್ಷೆಗೆ ಒಪ್ಪಿಗೆ ಕೊಡುವ ಕಮಿಟಿಯಲ್ಲಿ ಅರ್ಧದಷ್ಟಾದರೂ ಜನ ಆ ಸಂಸ್ಥೆಗೆ ಸೇರದವರಾಗಿರಬೇಕು. ಆ ಸಾಮಾನ್ಯ ಸದಸ್ಯರ ಕುರ್ಚಿಯಲ್ಲಿ ಕೂರುವವರು ಬಹಳ ಸಲ ಸುಮ್ಮನಿರುತ್ತಾರೆ. ಎದುರಿಗಿರುವ ಕಾಗದವೆಲ್ಲ ಇಂಗ್ಲಿಷು, ಕೂತವರೆಲ್ಲ ಪ್ರೊಫೆಸರುಗಳು. ಸುಮ್ಮನಿರಬೇಡಿ. ನಿವೃತ್ತ ಶಿಕ್ಷಕರೇ, ಸಂಘದ ಕಾರ್ಯಕರ್ತೆಯರೇ, ನಿಮ್ಮ ಊರಿನ ಹತ್ತಿರದ ಕಾಲೇಜಿನಲ್ಲಿ ಆ ಸ್ಥಾನ ಯಾರಿಗಿದೆ ಎಂದು ವಿಚಾರಿಸಿ, ಕರೆದರೆ ಹೋಗಿ. ಹೋದ ಮೇಲೆ ಪ್ರತಿ ಪ್ರಸ್ತಾವಕ್ಕೂ ಕನ್ನಡದಲ್ಲೇ ಕೇಳಿ: ಇದರಲ್ಲಿ ಸಂಶಯ ಯಾರಿಗಿದೆ, ಕೊಡದೆ ಬಿಟ್ಟವರಿಗೆ ಕೊನೆಗೆ ಏನು ಕೊಡುತ್ತೀರಿ? ಉತ್ತರ ಬರವಣಿಗೆಯಲ್ಲಿ ಸಿಗುವ ತನಕ ಸಹಿ ಹಾಕಬೇಡಿ.